ಒಣ ದಾರ

“ಇಡು ಕತ್ತರಿ ಕೆಳಗೆ! ಕಲ್ಲು... ನೀನು ಬರೀ ಕಲ್ಲು!”

ಅತ್ತೆ ಕೂಗಿದ ರಭಸಕ್ಕೆ ಅಂಗಡೀಲಿದ್ದ ಹೊಲಿಗೆ ಮೆಷಿನ್ನುಗಳೆಲ್ಲ ಗಪ್ ಅಂತ ನಿಂತ್ವು. ಮಾವ ತೀರಿಕೊಂಡು ಇನ್ನೂ ಒಂಬತ್ತು ದಿನ. ಊರೆಲ್ಲ ‘ಮಾಸ್ಟರ್’ ಅಂತಲೇ ಕರೀತಿದ್ದ ಟೈಲರ್ ಅವರು. ಕೊನೇ ಸಲ ಕಣ್ಣು ಬಿಟ್ಟಾಗ ತಮ್ಮ ದೊಡ್ಡ ಕತ್ತರೀನ ಸೊಸೆ ಕೈಗೇ ಇಟ್ಟು, “ಅಂಗಡಿ ಇನ್ಮೇಲೆ ನಿಂದಮ್ಮಾ” ಅಂದಿದ್ರು. ಆದ್ರೆ ಅವರ ದೇಹ ಮಲಗಿಸಿದ್ದ ಜಾಗದಲ್ಲಿ ಇದೇ ಸೊಸೆ ಕಣ್ಣಿಂದ ಒಂದೇ ಒಂದು ಹನಿ ಬಿದ್ದಿರಲಿಲ್ಲ!

“ಬೀದೀಲಿ ಹೋಗೋರೂ ಅತ್ರು ಕಣೇ! ಮಗಳ ಹಾಗೆ ಸಾಕಿದ್ರಲ್ಲ, ನಿಂಗೇನಾಗಿತ್ತು?”

“ಅತ್ತಿದ್ದೀನಿ ಅತ್ತೆ... ಕಣ್ಣೀರು ಹೊರಗೆ ಬರ್ತಾನೇ ಇಲ್ಲ.”

“ನಾಟಕ!”

ಸೊಸೆ ಕತ್ತರಿ ಕೆಳಗಿಟ್ಟಳು. ಸಂಜೆಗೆ ಕೊಡಬೇಕಿದ್ದ ಕೋಟಿಗೆ ಗುಂಡಿ ಹಾಕೋದು ಬಾಕಿ ಇತ್ತು. ದಾರದ ತುದೀನ ನಾಲಿಗೆಗೆ ತಾಕಿಸಿ ಹೊಸೆದಳು. ತುದಿ ಕೆದರಿಕೊಂಡೇ ಇತ್ತು. ಇನ್ನೊಂದ್ಸಲ. ಊಹೂಂ. ಯಾರೂ ನೋಡ್ತಿಲ್ಲ ಅಂದ್ಕೊಂಡು ದಾರಾನ ಲೋಟದ ನೀರಿಗೆ ಅದ್ದಿದಳು.

ನಲವತ್ತು ವರ್ಷ ಎಂಜಲಲ್ಲೇ ದಾರ ಒದ್ದೆ ಮಾಡಿ ಸೂಜಿಗೆ ಪೋಣಿಸಿದ ಅತ್ತೆ ಕಣ್ಣಿಗೆ ಅದು ಬೀಳದೇ ಇರುತ್ತಾ?

“ಏಯ್, ಬಾ ಇಲ್ಲಿ. ಬಾಯಿ ತೆಗಿ.”

ನಾಲಿಗೆ ಒಣಗಿ ಬಿರುಕು ಬಿಟ್ಟಿತ್ತು!

“ಅಯ್ಯೋ ಹುಚ್ಚೀ... ಎಷ್ಟು ದಿನದಿಂದ?”

“ವರ್ಷ ಆಯ್ತೇನೋ. ಮಾವ ಹಾಸಿಗೆ ಹಿಡಿದಿರೋವಾಗ ನಂದೇನು ದೊಡ್ಡದು ಅಂತ...”

ಕೈ ಹಿಡಿದು ಎಳ್ಕೊಂಡೇ ಹೋದ್ರು ಆಸ್ಪತ್ರೆಗೆ. ಎಲ್ಲ ಪರೀಕ್ಷೆ ಮುಗಿದು ರಿಪೋರ್ಟ್ ಬಂದ ದಿನ ಡಾಕ್ಟರ್ ಹೇಳಿದ್ರು: “ಹೆಪಟೈಟಿಸ್ ಸಿ. ಹಿಂದೆ ಹೆರಿಗೇಲಿ ಕೊಟ್ಟ ರಕ್ತದಿಂದ ಬಂದಿರಬಹುದು. ವೈರಸ್ ಇರೋದು ಲಿವರ್‌ನಲ್ಲಿ. ಆದ್ರೆ ಅದರ ಜೊತೆ ಗುದ್ದಾಡಿ ಗುದ್ದಾಡಿ ಇವರ ಮೈಯೇ ಗೊಂದಲಕ್ಕೆ ಬಿದ್ದು, ಕಣ್ಣೀರು, ಎಂಜಲು ಸುರಿಸೋ ಗ್ರಂಥಿಗಳಿಗೆ ಹೊಡೀತಿದೆ. ಪರೀಕ್ಷೆ ಮಾಡುವಾಗ ಕಾಲ ಮೇಲೆ ಕಂಡ ಕೆಂಪು ಚುಕ್ಕೆಗಳೂ ಅದರದ್ದೇ. ಮೂರು ತಿಂಗಳ ಮಾತ್ರೇಲಿ ವೈರಸ್ ಹೋಗೋದು ಹೆಚ್ಚುಕಮ್ಮಿ ಖಂಡಿತ. ಕಣ್ಣೀರು ವಾಪಸ್ ಬರುತ್ತೆ ಅಂತ ಮಾತ್ರ ಮಾತು ಕೊಡಲಾರೆ.”

ಅತ್ತೆ ಬಾಯಿಗೆ ಸೆರಗು ಒತ್ಕೊಂಡು ಅಲ್ಲೇ ಅತ್ತುಬಿಟ್ರು...

ಮರುದಿನ ಕೋಟು ಹೊಲಿಸೋಕೆ ಬಂದ ಹೆಂಗಸೊಬ್ಬಳು ಕೊಂಕು ತೆಗೆದಳು. “ಮಾವ ಹೋದ್ರೂ ಅಳದ ಸೊಸೆ ಇವಳೇನಾ?”

“ಹೌದು, ಇವಳೇ!” ಅತ್ತೆ ಎದ್ದು ನಿಂತ್ರು. “ಕಣ್ಣೇ ಒಣಗಿ ಉರೀತಿದ್ರೂ ಒಂದು ಮಾತು ಆಡದೆ, ನಮ್ಮನೆಯವರ ಕಾಲ ಹತ್ರ ಕೂತು ಸೇವೆ ಮಾಡಿದ ಸೊಸೆ. ಇವಳ ಪಾಲಿನ ಅಳೂನೂ ನಾನೇ ಅತ್ತಾಯ್ತು. ನಿಮಗೇನು ಬಾಕಿ?”

ಆಮೇಲೆ ಆ ದೊಡ್ಡ ಕತ್ತರೀನ ಸೆರಗಲ್ಲಿ ಒರೆಸಿ ಸೊಸೆ ಕೈಗಿಟ್ರು. ಮೇಜಿನ ಮೇಲೆ, ಅತ್ತೆ ಬೆಳಗ್ಗೆನೇ ದಾರ ಪೋಣಿಸಿ ಬಟ್ಟೆ ಮಡಿಕೆಗೆ ಚುಚ್ಚಿಟ್ಟಿದ್ದ ಇಪ್ಪತ್ತು ಸೂಜಿ ಸಾಲಾಗಿ ನಿಂತಿದ್ವು.

“ಅಳತೆ ಕೊಡಿ” ಅಂದ್ರು ಅತ್ತೆ, ತಲೆ ಎತ್ಕೊಂಡು. “ಮಾಸ್ಟರ್ ಕಾಯ್ತಿದ್ದಾರೆ.”