ಸ್ಟೀರಿಂಗ್ ಪಕ್ಕದ ಸೀಟು

ದೋಣಿ ನಡೆಸುವವಳು ಜನರೆದುರು ಯಾರನ್ನೂ ಬೈದವಳಲ್ಲ. ಆ ದಿನ ಮಾತ್ರ ನಡುಹೊಳೆಯಲ್ಲಿ ಎಂಜಿನ್ ಗಡಗಡ ಅಲುಗಿ, ಅದರ ಬೋಲ್ಟೊಂದು ಕಿತ್ತು ಬಂದು, ಒಳಗಿದ್ದವರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು. ಹೇಗೋ ದಡ ಮುಟ್ಟಿಸಿದಳು. ಹಗ್ಗ ಇನ್ನೂ ಕಟ್ಟಿರಲಿಲ್ಲ, ಅಷ್ಟರಲ್ಲಿ ರಿಪೇರಿ ಶೆಡ್ಡಿನವನು ಓಡಿ ಬಂದ. ಆ ಬೋಲ್ಟುಗಳನ್ನು ಹೋದ ತಿಂಗಳು ಬಿಗಿ ಮಾಡಿದವನು ಅವನೇ.

"ನಿಮ್ಮನ್ನ ನಂಬಿ ಕೆಲಸ ಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ," ಎಂದಳು. "ಜನರ ಜೀವದ ಜೊತೆ ಆಟ ಆಡ್ತೀರಾ?"

ಅಲ್ಲೇ ಬಲೆ ಬಿಡಿಸುತ್ತಿದ್ದ ಮೀಸೆ ಮಾವ ಎಲ್ಲವನ್ನೂ ಕೇಳಿಸಿಕೊಂಡ. ಮರುದಿನವೇ ಶೆಡ್ಡಿನಲ್ಲಿ ಬಿಟ್ಟಿದ್ದ ತನ್ನ ದೋಣಿಯನ್ನು ಎಳೆಸಿಕೊಂಡು ಹೋದ. ಅವನ ಹಿಂದೆ ಇನ್ನಿಬ್ಬರು ಹೋದರು.

ಶೆಡ್ಡಿನವನು ಜಗಳಕ್ಕೆ ಬರಲಿಲ್ಲ. "ದೋಣಿ ತಂದುಬಿಡಿ, ಬಿಚ್ಚಿ ನೋಡೋಣ," ಎಂದಷ್ಟೇ ಹೇಳಿ ಕಳಿಸಿದ.

ಅವಳು ತಲೆ ಎತ್ತಿಕೊಂಡೇ ಹೋದಳು. ಅವನು ದೋಣಿಯ ಆಕಾರ ಕೆಡದಂತೆ ಅಡಿಯಲ್ಲಿ ಸುತ್ತ ಮರದ ಆಸರೆ ಕೊಟ್ಟು, ಮಾಸ್ಕ್ ಹಾಕಿಕೊಂಡು, ಗ್ರೈಂಡರಿನಿಂದ ದೋಣಿಯೊಳಗಿನ ನೆಲಹಲಗೆ ಕೊಯ್ದ. ಹಲಗೆ ಎತ್ತಿದಾಗ ಹುಳಿ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ಫೈಬರ್ ದೋಣಿ. ತಳದ ಉದ್ದಕ್ಕೂ ಎರಡು ಮರದ ತೊಲೆಗಳು, ಸ್ಟ್ರಿಂಗರ್ ಅನ್ನುವಂಥವು, ಫೈಬರಿನ ಹೊದಿಕೆಯೊಳಗೆ ಮಲಗಿದ್ದವು. ಎಂಜಿನ್ ಕೂರುವುದೂ ಅವುಗಳ ಮೇಲೆಯೇ. ಅವನು ಹೊದಿಕೆ ಸೀಳಿ ಬೆರಳು ಇಟ್ಟ. ಮರ ನೆನೆದ ಬ್ರೆಡ್ಡಿನಂತೆ ಕುಸಿಯಿತು.

"ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ಹಿಡಿಯೋಕೆ ಮರವೇ ಇಲ್ಲ," ಎಂದ. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಕೊಳೆತದ್ದರ ಜಾಡು ಹಿಡಿದು ಅವನು ಮುಂದೆ ಮುಂದೆ ಹೋದ. ಸ್ಟೀರಿಂಗ್ ಪಕ್ಕದ ಸೀಟಿನ ಅಡಿಯಲ್ಲಿ ನಿಂತ. ಅಲ್ಲಿ ನಾಲ್ಕು ಸ್ಕ್ರೂ ತೂತು, ಸುತ್ತ ಕಪ್ಪು.

"ನೀರು ಇಲ್ಲಿಂದ ಇಳಿದಿದೆ. ತೂತಿಗೆ ಏನೂ ತುಂಬಿಲ್ಲ. ಈ ಸೀಟು ಯಾರು ಹಾಕಿದ್ದು?"

"ಗೊತ್ತಿಲ್ಲ. ಯಾರೋ ಬಂದು ಹಾಕಿಕೊಟ್ಟು ಹೋದ್ರು," ಎಂದುಬಿಟ್ಟಳು.

ಕಿವಿಯ ತುದಿಯವರೆಗೆ ಬಿಸಿಯೇರಿತು. ಆ ಸೀಟು ಹಾಕಿದವಳು ಅವಳೇ. ದಿನಾ ಸಂಜೆ ಆಚೆ ದಡದ ಮನೆಗೆ ಹೋಗುವ ಇವನು, ಬೆಂಚು ಎಷ್ಟು ಖಾಲಿಯಿದ್ದರೂ ಬೇರೆಯವರಿಗೆ ಬಿಟ್ಟು, ಹಿಂದೆ ಕಂಬಿ ಹಿಡಿದು ನಿಲ್ಲುತ್ತಿದ್ದ. ಹತ್ತಿರ ಕೂರಿಸಿಕೊಳ್ಳಬೇಕೆಂಬ ಆಸೆಗೆ ಕೆಲವು ವರ್ಷಗಳ ಹಿಂದೆ ಡ್ರಿಲ್ ಎರವಲು ತಂದು, ಗುಟ್ಟಾಗಿ ಕೂರಿಸಿದ್ದಳು. ಆಮೇಲೆ ಅವನು ಅಲ್ಲಿ ಕೂತು, ಗಾಳಿಗೆ ಕಣ್ಣು ಕಿರಿದು ಮಾಡಿ, ಆಗೊಮ್ಮೆ ಈಗೊಮ್ಮೆ ಅವಳತ್ತ ನೋಡಿ ನಗುತ್ತಿದ್ದ. ಆ ನಗೆಗೇ ಅವಳು ಎಷ್ಟೋ ಸಲ ದಾರಿ ಸ್ವಲ್ಪ ಬಳಸಿ ಹೋದದ್ದುಂಟು.

ಮನೆಗೆ ಬಂದವಳು ದೀಪ ಆರಿಸಿ ಮಲಗಿ, ಒಂದೊಂದೇ ಎಣಿಸಿದಳು. ಕೆಡಿಸಿದ್ದೂ ತಾನು, ಬೈದಿದ್ದೂ ತಾನು, ಸುಳ್ಳು ಹೇಳಿದ್ದೂ ತಾನು.

ಬೆಳಿಗ್ಗೆ ದೋಣಿ ಹತ್ತುವ ಕಡವಿಗೆ ಹೋದಳು. ಟಿಕೆಟ್ ಹರಿಯುವ ಚಿಕ್ಕಮ್ಮ, ಮೀಸೆ ಮಾವ, ದಾಟಲು ಕಾದವರು, ಎಲ್ಲರೂ ಇದ್ದರು. "ಶೆಡ್ಡಿನವರದ್ದು ಏನೂ ತಪ್ಪಿಲ್ಲ," ಎಂದಳು. ದನಿ ಎಲ್ಲಿಂದಲೋ ಬಂದಂತಿತ್ತು. "ನಾನು ಸೀಟು ಹಾಕೋಕೆ ಕೊರೆದ ತೂತಿಂದ ತೊಲೆ ಕೊಳೆತಿದೆ. ಸುಮ್ಮನೆ ಅವರ ಮರ್ಯಾದೆ ತೆಗೆದೆ."

ಮೀಸೆ ಮಾವ ಮೀಸೆ ನೀವುವುದನ್ನು ನಿಲ್ಲಿಸಿದ. ಚಿಕ್ಕಮ್ಮ ಸುಮ್ಮನಿರುವ ಪೈಕಿಯಲ್ಲ. "ಅಷ್ಟು ಬೆಂಚಿರುವಾಗ ನಿನಗೆ ಇನ್ನೊಂದು ಸೀಟು ಯಾಕೆ ಬೇಕಿತ್ತೇ?"

ಅವಳು ನೆಲ ನೋಡಿದಳು. ಅರ್ಧ ಸತ್ಯ ಹೇಳಿ ಹೋಗಲು ಮನಸ್ಸಾಗಲಿಲ್ಲ. "ಅವರು ನನ್ನ ಹತ್ತಿರ ಕೂರಲಿ ಅಂತ."

ಚಿಕ್ಕಮ್ಮನ ಕೈಯ ಟಿಕೆಟ್ ಕಟ್ಟು ಜಾರಿ ಬಿತ್ತು. ದೋಣಿಯವಳು ನಿಲ್ಲದೆ ಸರಸರ ನಡೆದುಬಿಟ್ಟಳು.

ಎರಡು ದಿನ ಶೆಡ್ಡಿನತ್ತ ಸುಳಿಯಲಿಲ್ಲ. ಮೂರನೆಯ ದಿನ ಅವನೇ ಹೇಳಿ ಕಳಿಸಿದ: ಹೊಸ ತೊಲೆ ಕೂರಿಸಬೇಕು, ಹಿಡಿಯೋಕೆ ಒಬ್ಬರು ಬೇಕು.

ರಟ್ಟಿನಲ್ಲಿ ತೆಗೆದ ಅಳತೆಗೆ ಕೊಯ್ದ ಹೊಸ ಮರ ಸಿದ್ಧವಿತ್ತು. ಅವಳು ತಳದ ಹಳೆಯ ಫೈಬರನ್ನು ಬಿಳಿ ಧೂಳೆಬ್ಬಿಸಿ ಉಜ್ಜಿ ಕೊಟ್ಟಳು. ಅವನು ಅಂಟಿನಂಥ ರೆಸಿನ್ನಿಗೆ ಗಟ್ಟಿಯಾಗಿಸುವ ದ್ರಾವಣ ಬೆರೆಸಿದ. ಮಾಡಿದ ತಪ್ಪಿನ ಮಾತು ಅವಳ ನಾಲಿಗೆ ತುದಿಗೆ ಬಂದಿತ್ತು. "ಆಮೇಲೆ. ಈಗ ನಿಂತರೆ ಡಬ್ಬಿಯಲ್ಲೇ ಕಲ್ಲಾಗ್ತದೆ," ಎಂದ. ಇಬ್ಬರೂ ಮಂಡಿಯೂರಿ, ಅವಳು ಫೈಬರ್ ಮ್ಯಾಟ್ ಹಾಸುತ್ತ, ಅವನು ರೆಸಿನ್ ಬಳಿದು ರೋಲರಿನಿಂದ ಗುಳ್ಳೆ ಒತ್ತುತ್ತ, ತೊಲೆಯುದ್ದಕ್ಕೂ ಸಾಗಿದರು. ಭುಜಕ್ಕೆ ಭುಜ ತಾಗಿದಾಗಲೆಲ್ಲ ಅವಳು ಸರಿದುಕೊಂಡಳು. ಸರಿಯಲು ಜಾಗವೇ ಇರಲಿಲ್ಲ.

ಕೊನೆಯ ಮೂಲೆ ಮುಗಿದ ಮೇಲೆ ಅವನು ರೋಲರ್ ಇಳಿಸಿದ.

"ಊರಿಗೆಲ್ಲ ಹೇಳಿದ್ರಂತೆ. ನನಗೆ ಮಾತ್ರ ಹೇಳಿಲ್ಲ."

"ನಿಮ್ಮ ಮುಂದೆ ನಿಂತು ಹೇಳೋಕೆ ಆಗಲಿಲ್ಲ."

"ಬೈದಿದ್ದು ನೋವಾಗಲಿಲ್ಲ. ನಾನು ಕೆಲಸ ಕೆಡಿಸ್ತೀನಿ ಅಂತ ನಂಬಿದ್ರಲ್ಲ, ಅದು ನೋವಾಯ್ತು."

"ನಂಬಿರಲಿಲ್ಲ," ಎಂದಳು. ಕಣ್ಣು ತುಂಬಿತ್ತು. "ಹೆದರಿದ್ದೆ. ಹೆದರಿಕೆ ಯಾರ ಮೇಲಾದ್ರೂ ಹಾಕ್ಬೇಕಿತ್ತು. ನೀವು ಎದುರಿಗೆ ಸಿಕ್ಕಿದ್ರಿ. ನನ್ನ ಕ್ಷಮಿಸಿ. ಸೀಟಿನ ವಿಷಯ... ಅದು ನಿಜ."

ಅವನು ಕೈಗವಸು ಕಿತ್ತು, ಅವಳ ಅಂಟಂಟಾದ ಕೈಗವಸನ್ನೂ ಒಂದೊಂದೇ ಬೆರಳಿಂದ ನಿಧಾನವಾಗಿ ಬಿಡಿಸಿದ. ಬಿಡಿಸಿದ ಮೇಲೂ ಕೈ ಬಿಡಲಿಲ್ಲ.

"ಅಮ್ಮನಿಗೂ ಸುದ್ದಿ ಮುಟ್ಟಿದೆ. ಇವತ್ತು ಊಟಕ್ಕೆ ಕರ್ಕೊಂಡು ಬಾ ಅಂದಿದ್ದಾಳೆ. ಬರ್ತೀಯಾ?"

ಅವಳು ತಲೆ ತಗ್ಗಿಸಿದಳು. "ಯಾವ ಮುಖ ಇಟ್ಕೊಂಡು ಬರಲಿ?"

ಅವನು ಅವಳ ಗಲ್ಲ ಎತ್ತಿ, ಹಣೆಗೂ ಕೆನ್ನೆಗೂ ಮೆತ್ತಿದ್ದ ಬಿಳಿ ಧೂಳನ್ನು ಗಮನವಿಟ್ಟು ನೋಡಿದ.

"ಇದೇ ಮುಖ," ಎಂದ. "ಸ್ವಲ್ಪ ತೊಳ್ಕೊಂಡು ಬಾ, ಸಾಕು."