ಅಜ್ಜಿಯ ಮೂಗು

"ಅಷ್ಟನ್ನೂ ಸುರೀತೀಯಾ ಅಜ್ಜಿ? ಎರಡು ತೊಟ್ಟು ಸಾಕಲ್ವಾ?" ಎಂದಳು ಜಯಂತಿ.

ಆರೋಗ್ಯಮ್ಮಜ್ಜಿ ಟ್ರಂಕಿನ ಮುಂದೆ ಕೂತಿದ್ದಳು. ತೊಡೆಯ ಮೇಲೆ ನೀಲಿ ಗಾಜಿನ ಸೆಂಟು ಬಾಟ್ಲಿ ಇತ್ತು. ಬರುವ ಶುಕ್ರವಾರ ಗುಡ್ ಫ್ರೈಡೇ. ಚರ್ಚಿನಲ್ಲಿ ಎಲ್ಲರೂ ಶಿಲುಬೆಯ ಯೇಸುವಿನ ಪಾದಕ್ಕೆ ಮುತ್ತಿಡುವಾಗ ತಾನು ಆ ಮರದ ಪಾದಗಳ ಮೇಲೆ ಇದನ್ನು ಪೂರ್ತಿ ಸುರಿಯುವುದಾಗಿ ಅಜ್ಜಿ ಆಗಷ್ಟೇ ಹೇಳಿದ್ದಳು.

"ಯೂದನೂ ಹಿಂಗೇ ಅಂದಿದ್ದು ಕಣವ್ವ," ಎಂದು ಅಜ್ಜಿ ನಕ್ಕಳು. "ಫಾದರ್ ಓದೋವಾಗ ತೂಕಡಿಸ್ತಿದ್ದಾ?"

ಜಯಂತಿ ತೂಕಡಿಸಿರಲಿಲ್ಲ. ಅವತ್ತು ಸೋಮವಾರ ಸಂಜೆಯ ಪೂಜೆಯಲ್ಲಿ, ತಮಿಳುನಾಡಿನ ಗಡಿ ಊರಾದ್ದರಿಂದ ಫಾದರ್ ಮೊದಲು ತಮಿಳಿನಲ್ಲಿ ಓದಿ, ಅಜ್ಜಿಯಂಥ ಹಳಬರಿಗೋಸ್ಕರ ಕನ್ನಡದಲ್ಲೂ ಹೇಳಿದ್ದನ್ನು ಎರಡೆರಡು ಸಲ ಕೇಳಿಸಿಕೊಂಡಿದ್ದಳು. ಮರಿಯ ಎಂಬಾಕೆ ತುಂಬಾ ಬೆಲೆಯ ಸುಗಂಧ ತೈಲವನ್ನು ಯೇಸುವಿನ ಪಾದಕ್ಕೆ ಸುರಿದು, ತನ್ನ ಕೂದಲಿನಿಂದ ಒರೆಸಿದಳಂತೆ. ಶಿಷ್ಯ ಯೂದನಿಗೆ ಅದು ಸರಿಬರಲಿಲ್ಲ. ಹೀಗೆ ದಂಡ ಮಾಡುವ ಬದಲು ಮಾರಿ ಬಡವರಿಗೆ ಕೊಡಬಹುದಿತ್ತು ಎಂದನಂತೆ. ಬಡವರ ಮೇಲಿನ ಪ್ರೀತಿಗಲ್ಲ. ಎಲ್ಲರ ಹಣದ ಚೀಲ ಅವನ ಕೈಯಲ್ಲೇ ಇತ್ತು, ಅದರಿಂದ ಅವನು ಕದಿಯುತ್ತಿದ್ದ. ಆಮೇಲೆ ಯೇಸುವಿಗೆ ಮುತ್ತಿಟ್ಟು ಶತ್ರುಗಳಿಗೆ ಹಿಡಿದುಕೊಟ್ಟವನೂ ಅವನೇ.

ಕೇಳುತ್ತಿದ್ದ ಹಾಗೇ ಜಯಂತಿ ಅಜ್ಜಿಯಿಂದ ಒಂಚೂರು ದೂರ ಸರಿದು ಕೂತಿದ್ದಳು.

ಆ ಬಾಟ್ಲಿಯನ್ನು ತಂದುಕೊಟ್ಟವಳು ಕುವೈತಿನಲ್ಲಿ ನರ್ಸ್ ಆಗಿರುವ ಸ್ಟೆಲ್ಲಾ ಅತ್ತೆ. ಅಜ್ಜಿ ಅದನ್ನು ಒಂದು ದಿನವೂ ಹಚ್ಚಿಕೊಳ್ಳಲಿಲ್ಲ. ತಾನು ಸತ್ತಾಗ ಉಡಿಸಲೆಂದು ಎತ್ತಿಟ್ಟ ಬಿಳಿ ಸೀರೆಯ ಮಡಿಕೆಯೊಳಗೆ ಇಟ್ಟು, ತನ್ನನ್ನು ಪೆಟ್ಟಿಗೆಯಲ್ಲಿ ಮಲಗಿಸುವಾಗ ಹಾಕಿ ಎಂದು ಮನೆಯವರಿಗೆಲ್ಲ ಹೇಳಿದ್ದಳು. ಈಗ ಮನಸ್ಸು ಬದಲಾಗಿತ್ತು. ಸತ್ತವಳಿಗೆ ಸೆಂಟು ಯಾಕೆ, ಕಾಲಲ್ಲಿ ಶಕ್ತಿ ಇರುವಾಗಲೇ ನಡೆದು ಹೋಗಿ ಯೇಸುವಿಗೇ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದಳು.

ಆದರೆ ಬಾಟ್ಲಿಯಲ್ಲಿ ಸೆಂಟು ಎಲ್ಲಿತ್ತು? ಇದ್ದದ್ದು ನಲ್ಲಿ ನೀರು.

ಶುರುವಾದದ್ದು ಕ್ಲಾಸಿನ ಗೆಳತಿ ಮೇಘಶ್ರೀಯ ಬರ್ತ್‌ಡೇ ದಿನ. ಜಯಂತಿ ಕಿವಿಯ ಹಿಂದೆ ಒಂದೇ ಒಂದು ತೊಟ್ಟು ಹಚ್ಚಿಕೊಂಡು ಸ್ಕೂಲಿಗೆ ಹೋದಳು. ಐದನೇ ಕ್ಲಾಸಿಗೆ ಕ್ಲಾಸೇ ಅವಳನ್ನು ಮುತ್ತಿಕೊಂಡಿತು. ಮಾರನೇ ದಿನ ಐ ಡ್ರಾಪ್ಸ್‌ನ ಖಾಲಿ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ಕೈ ಚಾಚಿದವರಿಗೆಲ್ಲ ಹಚ್ಚಿದಳು. ಸ್ಕೂಲಿಗೆ ಹೋಗುವ ಡೆಂಕಣಿಕೋಟೆ ಬಸ್ಸಿನಲ್ಲಿ ಕಿಟಕಿ ಸೀಟು ಅವಳದಾಯಿತು. 'ಸೆಂಟ್ ಜಯಂತಿ' ಎಂಬ ಹೆಸರೂ ಬಂತು. ತೆಗೆದಷ್ಟಕ್ಕೆ ಸರಿಯಾಗಿ ಬಾಟ್ಲಿಗೆ ನೀರು ಬೀಳುತ್ತಿತ್ತು.

ಅಜ್ಜಿಗೆ ಗೊತ್ತಾಗುವ ಹಾಗೂ ಇರಲಿಲ್ಲ. ಕೊರೋನಾ ಬಂದು ಹೋದಾಗಿನಿಂದ ಅವಳ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಸಾರು ತಳ ಹತ್ತಿದರೂ ತಿಳಿಯದು. ಹಾಲು ಕಾಯಿಸುವ ಮುಂಚೆ ಪಾತ್ರೆಯನ್ನು ಜಯಂತಿಯ ಮುಖದ ಹತ್ತಿರ ಹಿಡಿದು, "ನೋಡವ್ವ, ಕೆಟ್ಟೈತಾ?" ಎಂದು ಕೇಳುತ್ತಿದ್ದಳು. ಜಯಂತಿ ಮೂಸಿ ಹೇಳಿದ್ದೇ ಕೊನೆ ಮಾತು. ತನ್ನ ಮೂಗು ಎಲ್ಲೂ ಹೋಗಿಲ್ಲ, ಮೊಮ್ಮಗಳ ಮುಖದ ಮೇಲೆ ಕೂತಿದೆ ಎಂದು ಅಜ್ಜಿ ಬೀದಿಯವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಮಂಗಳವಾರ ಹೇಳಿಬಿಡೋಣ ಎಂದುಕೊಂಡಳು ಜಯಂತಿ. ಬಾಯಿ ಬರಲಿಲ್ಲ. ಬುಧವಾರ ಬಸ್ಸಿನಲ್ಲಿ ಮೇಘಶ್ರೀಗೆ ಹೇಳಿದಳು. ಅವಳಿಗೆ ಇದೊಂದು ವಿಷಯವೇ ಅನ್ನಿಸಲಿಲ್ಲ.

"ನಿಮ್ಮಜ್ಜಿಗೆ ವಾಸ್ನೆ ಗೊತ್ತಾಗಲ್ಲ ಅಂತೀಯ. ಸುಮ್ನಿರೇ. ಯಾರಿಗ್ ಗೊತ್ತಾಗ್ತೈತೆ?"

ಅದು ನಿಜ. ಆದರೂ ಆ ರಾತ್ರಿ ಜಯಂತಿಗೆ ಮುದ್ದೆ ಸೇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಚರ್ಚಿನ ಪೀಠ ಬರಿದಾಗಿತ್ತು. ಒಂದು ಹೂವಿಲ್ಲ, ದೀಪವಿಲ್ಲ. ಅವತ್ತು ಗಂಟೆಯನ್ನೂ ಬಾರಿಸುವುದಿಲ್ಲ. ಅಪ್ಪ ಅಮ್ಮ ಮುತ್ತಿಟ್ಟು ಆಚೆ ಹೋಗಿದ್ದರು. ಅಜ್ಜಿಗೆ ಮಂಡಿ ನೋವು, ನಿಧಾನಕ್ಕೆ ಬರುತ್ತಿದ್ದಳು. ಅವಳ ಕೈ ಹಿಡಿದುಕೊಂಡು ಜಯಂತಿ ಸಾಲಿನಲ್ಲಿ ಮುಂದೆ ಸರಿಯುತ್ತಿದ್ದಳು. ಸಾಲು ಇನ್ನೂ ಉದ್ದ ಇರಬಾರದಿತ್ತೇ ಎಂದು ಮೊದಲ ಸಲ ಅನ್ನಿಸಿತು.

ಶಿಲುಬೆಯ ಹತ್ತಿರ ಬಂದಾಗ ಅಜ್ಜಿ ಸೆರಗಿನ ಗಂಟಿನಿಂದ ಬಾಟ್ಲಿ ತೆಗೆದಳು. ಮುಚ್ಚಳ ತಿರುಗಿಸಿ, ಹಾಲಿನ ಪಾತ್ರೆ ಹಿಡಿಯುವ ಹಾಗೆಯೇ ಜಯಂತಿಯ ಮುಖದ ಹತ್ತಿರ ಹಿಡಿದಳು.

"ನೋಡವ್ವ. ಚೆಂದಾಗೈತಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅಜ್ಜಿ ಖಂಡಿತ ನಂಬುತ್ತಿದ್ದಳು. ಖಂಡಿತ ನಂಬುತ್ತಾಳೆ ಎಂದೇ ಜಯಂತಿಗೆ ಅಳು ಬಂತು.

"ಅದು ನೀರು ಅಜ್ಜಿ," ಎಂದು ಪಿಸುಗುಟ್ಟಿದಳು. "ಸೆಂಟೆಲ್ಲ ಸ್ಕೂಲಲ್ಲಿ ನಾನೇ ಖಾಲಿ ಮಾಡ್ಬುಟ್ಟೆ. ನಿಂಗೆ ಗೊತ್ತಾಗಲ್ಲ ಅಂತ ನೀರು ತುಂಬ್ಸಿಟ್ಟೆ."

ಬಾಟ್ಲಿ ಹಿಡಿದ ಕೈ ಹಾಗೇ ನಿಂತಿತು. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹಿಂದಿನಿಂದ ಯಾರೋ "ಪೋಂಗಮ್ಮಾ" ಎಂದು ಅವಸರ ಮಾಡಿದರು.

ಅಜ್ಜಿ ಕಷ್ಟಪಟ್ಟು ಮಂಡಿಯೂರಿದಳು. ಬಾಟ್ಲಿಯನ್ನು ಬಗ್ಗಿಸಿ ಪಾದಗಳ ಮೇಲೆ ಸುರಿದಳು. ತಳ ತಟ್ಟಿ ತಟ್ಟಿ ಕೊನೆಯ ತೊಟ್ಟನ್ನೂ ಬೀಳಿಸಿದಳು. ಆಮೇಲೆ ತಲೆಯ ಮೇಲಿನ ಸೆರಗು ಸರಿಸಿ, ತನ್ನ ಪುಟ್ಟ ತುರುಬನ್ನು ಬಿಚ್ಚಿ, ನೆರೆತ ಕೂದಲಿನಿಂದ ಆ ಪಾದಗಳನ್ನು ಒರೆಸಿದಳು. ಒಬ್ಬೊಬ್ಬರು ಮುತ್ತಿಟ್ಟ ಮೇಲೂ ಪಾದ ಒರೆಸಲು ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದ ಚರ್ಚಿನ ಉಪದೇಶಿ ಚೌರಪ್ಪ ಒಂದು ಹೆಜ್ಜೆ ಮುಂದಿಟ್ಟವರು ಹಿಂದೆ ಸರಿದರು. ಜನವೆಲ್ಲ ನೋಡುತ್ತಿತ್ತು. ಬರೀ ನೀರೆಂದು ಗೊತ್ತಿದ್ದೂ ಅಜ್ಜಿ ಅಷ್ಟು ಪ್ರೀತಿಯಿಂದ ಒರೆಸುತ್ತಿದ್ದಳು.

ಈಗ ಜಯಂತಿಯ ಸರದಿ. ಯೂದನೂ ಮುತ್ತಿಟ್ಟಿದ್ದ. ಅವಳ ಕಾಲು ಮುಂದೆ ಹೋಗಲಿಲ್ಲ.

ಅಜ್ಜಿ ಮಂಡಿಯೂರಿದಲ್ಲಿಂದಲೇ ತಿರುಗಿ ನೋಡಿದಳು. "ಬಾ," ಎಂದು ಕೈ ಚಾಚಿದಳು.

ಜಯಂತಿ ಬಗ್ಗಿ ಮುತ್ತಿಟ್ಟಳು. ಒದ್ದೆ ಮರಕ್ಕೆ ಮೂಗು ತಗುಲಿತು. ಮರದ ವಾಸನೆ, ಹಳೇ ವಾರ್ನಿಷಿನ ವಾಸನೆ, ಅದರ ಜೊತೆಗೆ ಇನ್ನೇನೋ ತೀರಾ ಸಣ್ಣಗೆ.

"ಅಜ್ಜಿ, ಒಂಚೂರು ಘಮ ಐತೆ," ಎಂದಳು. "ಸುಳ್ಳಲ್ಲ."

ಅಜ್ಜಿ ಕೂದಲನ್ನು ಗಂಟು ಹಾಕಿಕೊಂಡು ಎದ್ದಳು. ದಾರಿಯಲ್ಲಿ ಸಿಕ್ಕ ಮೇಕೆಯನ್ನೂ ಮಾತಾಡಿಸದೆ ಬಿಡದ ಅಜ್ಜಿ ಮನೆಯ ತನಕ ಬಾಯಿ ತೆರೆಯಲಿಲ್ಲ.

ಉಪವಾಸ ಮುಗಿಸಿ ಕಾಫಿ ಕುಡಿಯುವ ಹೊತ್ತಾಯಿತು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಜಯಂತಿ ಬಾಗಿಲಲ್ಲಿ ನಿಂತಳು. ಅಜ್ಜಿ ಹಾಲಿನ ಪಾತ್ರೆ ಹಿಡಿದುಕೊಂಡು ಸ್ಟವ್ ಮುಂದೆ ನಿಂತಿದ್ದಳು. ಪಾತ್ರೆಯನ್ನು ತನ್ನ ಮೂಗಿಗೇ ಹಿಡಿದು ನೋಡಿದಳು. ಇನ್ನು ಮೇಲೆ ಅಜ್ಜಿ ತನ್ನನ್ನು ಯಾವತ್ತೂ ಕೇಳುವುದಿಲ್ಲ ಎಂದುಕೊಂಡಳು ಜಯಂತಿ.

ಅಜ್ಜಿ ಬಾಗಿಲ ತನಕ ಬಂದಳು. ಪಾತ್ರೆಯನ್ನು ಮೊಮ್ಮಗಳ ಮುಖದ ಹತ್ತಿರ ಹಿಡಿದಳು.

"ನೋಡವ್ವ, ಕೆಟ್ಟೈತಾ?"

ಜಯಂತಿ ಮೂಸಿದಳು. ಇನ್ನೊಂದು ಸಲ ಮೂಸಿದಳು. ಕಣ್ಣು ಮುಚ್ಚಿಕೊಂಡು ಮತ್ತೂ ಒಂದು ಸಲ.

"ಇಲ್ಲ ಅಜ್ಜಿ. ಚೆನ್ನಾಗೈತೆ."

ಅಜ್ಜಿ ಹಾಲನ್ನು ಸ್ಟವ್ ಮೇಲೆ ಇಟ್ಟು, ಎರಡು ಲೋಟ ತೆಗೆದಳು.