ಬಸ್‌ಸ್ಟಾಂಡಿನ ಹಿಂದೆ ಮೈನಸ್ ಇಪ್ಪತ್ತೈದು

"ಗೋಡೆ ಐಸು. ಮಂಚ ಐಸು. ಜ್ಯೂಸ್ ಕುಡಿಯೋ ಲೋಟಾನೂ ಐಸು!"

ವಿಮಾನ ಹೀಗೆ ಹೇಳುತ್ತಿದ್ದರೆ ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ಕೂತಿತ್ತು.

ವಿಮಾನ ಅಂದರೆ ಹಾರುವ ವಿಮಾನವಲ್ಲ, ಮೂರನೇ ಬೆಂಚಿನ ಹುಡುಗ. ರಜ ಬಂತೆಂದರೆ ಅಪ್ಪ ಅಮ್ಮನ ಜೊತೆ ಎಲ್ಲಿಗಾದರೂ ಹಾರಿಬಿಡುತ್ತಿದ್ದ. ಅದಕ್ಕೇ ಆ ಹೆಸರು. ಈ ಸಲ ಹಾರಿದ್ದು ಭೂಮಿಯ ನೆತ್ತಿಯ ಹತ್ತಿರ, ಪೂರ್ತಿ ಐಸಿನಲ್ಲೇ ಕಟ್ಟಿದ ಒಂದು ಹೋಟೆಲಿಗೆ. ಫೋಟೋ ಕೂಡ ತಂದಿದ್ದ. ಫೋಟೋದಲ್ಲಿ ಅವನು ಐಸಿನ ಮಂಚದ ಮೇಲೆ ರಾಜನ ಹಾಗೆ ಕೂತಿದ್ದ. ಮುಖ ಮಾತ್ರ ಬಾತ್‌ರೂಮ್ ಎಲ್ಲಿದೆ ಎಂದು ಹುಡುಕುವವನ ಹಾಗಿತ್ತು.

"ಎಷ್ಟು ಚಳಿ ಇತ್ತಪ್ಪಾ?" ಭೂಗೋಳದ ಮಿಸ್ ಕೇಳಿದರು.

"ರೂಮಲ್ಲೇ ಮೈನಸ್ ಐದು ಮಿಸ್! ಈ ಕ್ಲಾಸಲ್ಲಿ ಯಾರೂ ಅಷ್ಟು ಚಳಿ ನೋಡಿರಲ್ಲ ಬಿಡಿ."

ಕೊನೆಯ ಆ ಒಂದು ಮಾತು ಹೇಳದಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

"ಮೈನಸ್ ಇಪ್ಪತ್ತೈದು!" ಎಂದಿತು ಹಿಂದಿನ ಬೆಂಚು.

ಎಲ್ಲರೂ ತಿರುಗಿ ನೋಡಿದರು. ಬೆಂಚಿನಲ್ಲಿ ಜೀರಿಗೆ ನಿಂತಿದ್ದಳು. ನಿಂತಿದ್ದಾಳೋ ಕೂತಿದ್ದಾಳೋ ಎಂದು ಒಂದು ಕ್ಷಣ ಯೋಚಿಸಬೇಕಾಗುವಷ್ಟು ಚಿಕ್ಕವಳು. ಆದರೆ ಬಾಯಿ ತೆಗೆದರೆ ಯಾರನ್ನೂ ಸುಮ್ಮನೆ ಬಿಡುವವಳಲ್ಲ.

"ನಾನು ಹೋಗಿದ್ದೆ ಮಿಸ್. ಮೈನಸ್ ಇಪ್ಪತ್ತೈದು ಇರೋ ಜಾಗಕ್ಕೆ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಬಾಯಿ ಅವಳನ್ನು ಒಂದು ಮಾತೂ ಕೇಳದೆ ಕೆಲಸ ಮುಗಿಸಿಬಿಟ್ಟಿತ್ತು.

"ಯಾವಾಗ ಹೋಗಿದ್ದೆ?" ವಿಮಾನ ಕೇಳಿದ.

"ರಜದಲ್ಲಿ."

"ಸುಳ್ಳು! ರಜದಲ್ಲಿ ನೀನು ನಮ್ಮ ಬೀದೀಲಿ ಸೈಕಲ್ ಹೊಡೀತಿದ್ದೆ ಅಂತ ನಮ್ಮ ವಾಚ್‌ಮನ್ ಹೇಳಿದ್ರು!"

"ಅದು ಬೆಳಿಗ್ಗೆ," ಎಂದಳು ಜೀರಿಗೆ.

ಮಿಸ್ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಸರಿ ಹಾಗಾದ್ರೆ. ನಾಳೆ ನಿನ್ನ ಸರದಿ. ಆ ಜಾಗದ ಬಗ್ಗೆ ಎಲ್ಲಾ ಹೇಳಬೇಕು, ಆಯ್ತಾ?"

ಬೆಲ್ ಹೊಡೆಯಿತು. ಜೀರಿಗೆ ಎಲ್ಲರಿಗಿಂತ ಮೊದಲು ಬ್ಯಾಗ್ ಎತ್ತಿಕೊಂಡು ಓಡಿದಳು.

ಮೈನಸ್ ಇಪ್ಪತ್ತೈದು ಇರುವ ಜಾಗ ಒಂದು ನಿಜವಾಗಿಯೂ ಇತ್ತು. ಅಲ್ಲಿಗೆ ಹೋಗುತ್ತಿದ್ದವಳು ಮಾತ್ರ ಜೀರಿಗೆಯಲ್ಲ, ಅವಳ ಅಮ್ಮ.

ಬಸ್‌ಸ್ಟಾಂಡಿನ ಹಿಂದೆ ಕಿಟಕಿಯೇ ಇಲ್ಲದ ಒಂದು ದೊಡ್ಡ ಬಿಳಿ ಕಟ್ಟಡವಿದೆ. ಅದು ಕೋಲ್ಡ್ ಸ್ಟೋರೇಜ್. ಊರಿನ ಅಂಗಡಿಗಳಿಗೆಲ್ಲ ಹೋಗುವ ಐಸ್‌ಕ್ರೀಂ, ಬಟಾಣಿ, ಮೀನು ಮೊದಲು ಅಲ್ಲಿಗೆ ಬಂದು ಕಲ್ಲಾಗುತ್ತವೆ. ಅಮ್ಮ ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾಳೆ. ಎರಡು ಕಬ್ಬಿಣದ ತೋಳು ಚಾಚಿಕೊಂಡ ಆ ಗಾಡಿ ಡಬ್ಬಗಳ ರಾಶಿಯನ್ನು ಮಗುವಿನಂತೆ ಎತ್ತಿ, ಮೂರಾಳೆತ್ತರದ ಕಪಾಟಿನಲ್ಲಿ ಮಲಗಿಸುತ್ತದೆ. ಮಕ್ಕಳಿಗೆ ಒಳಗೆ ಪ್ರವೇಶವಿಲ್ಲ. ಜೀರಿಗೆ ಗೇಟಿನ ತನಕ ಹೋಗಿದ್ದಳು, ಅಷ್ಟೇ.

ಸಂಜೆ ಅಮ್ಮ ಬಂದಳು. ಟೋಪಿ ಹಾಕಿ ಹಾಕಿ ಅವಳ ಕೂದಲು ಇಸ್ತ್ರಿ ಮಾಡಿದಂತೆ ತಲೆಗೆ ಅಂಟಿಕೊಂಡಿತ್ತು. ಚಪ್ಪಲಿ ಬಿಡುವ ಮೊದಲೇ, ದಿನಾ ಮಾಡುವಂತೆ, ಜೀರಿಗೆಯ ಗಲ್ಲ ಹಿಡಿದು ಮೂಗು ನೋಡಿದಳು. ಬೇರೆ ಅಮ್ಮಂದಿರು ಹೋಮ್‌ವರ್ಕ್ ಆಯ್ತಾ ಎಂದು ಕೇಳುತ್ತಾರೆ. ಈ ಅಮ್ಮ ಮೂಗು ನೋಡುತ್ತಾಳೆ. ಯಾಕೆ ಎಂದು ಜೀರಿಗೆ ಯಾವತ್ತೂ ಕೇಳಿರಲಿಲ್ಲ.

"ಮೂಗು ಸರಿಯಾಗಿದೆ. ಮುಖ ಮಾತ್ರ ಸರಿಯಿಲ್ಲ. ಏನ್ ಮಾಡ್ಕೊಂಡು ಬಂದೆ?"

"ಏನಿಲ್ಲ. ಅಮ್ಮಾ, ನನ್ನ ಒಂದ್ಸಲ ಒಳಗೆ ಕರ್ಕೊಂಡು ಹೋಗ್ತೀಯಾ? ಈಗ?"

"ಯಾಕೆ, ನಿನ್ನೂ ಬಟಾಣಿ ಪಕ್ಕ ಇಡಬೇಕಾ?"

"ಹೋಗ್ಲಿ, ಒಳಗೆ ಹೇಗಿರತ್ತೆ ಅಂತಾದ್ರೂ ಹೇಳು. ಎಲ್ಲಾ ಹೇಳು."

ಅಮ್ಮ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಳು. "ಪೆನ್ನು ಬರೆಯಲ್ಲ. ಇಂಕು ಗಟ್ಟಿಯಾಗತ್ತೆ. ಅದಕ್ಕೇ ಎಲ್ಲರ ಕಿವೀಲೂ ಪೆನ್ಸಿಲ್."

"ಆಮೇಲೆ?"

"ನನ್ನ ಜೊತೆ ಕೆಲಸ ಮಾಡೋ ಮೀಸೆ ಮಾಮ ಇದಾರಲ್ಲ, ಅವರು ಸೀನಿದ್ರೆ ಸೀನು ಕೆಳಗೆ ಬಿದ್ದು ಠಣ್ ಅಂತ ಒಡೆಯತ್ತೆ. ಆಮೇಲೆ ಅವರೇ ಗುಡಿಸಬೇಕು."

"ನಿಜ್ವಾ?"

"ನಾನ್ಯಾಕೆ ಸುಳ್ಳು ಹೇಳ್ಲಿ? ಕಣ್ಣು ಜಾಸ್ತಿ ಹೊತ್ತು ಮುಚ್ಚಿದ್ರೆ ರೆಪ್ಪೆ ಅಂಟ್ಕೊಳತ್ತೆ. ಒಂದ್ಸಲ ನನ್ನ ನೆರಳೇ ನೆಲಕ್ಕೆ ಅಂಟ್ಕೊಂಡು ಬಿಟ್ಟಿತ್ತು. ನಾನು ಮುಂದೆ ಬಂದೆ, ಅದು ಬರ್ಲೇ ಇಲ್ಲ. ಸಲಿಕೆ ತಂದು ಎಬ್ಬಿಸಬೇಕಾಯ್ತು."

ಅಮ್ಮನ ತೊಂದರೆಯೇ ಇದು. ನಿಜ ಹೇಳುವಾಗಲೂ, ಬೊಗಳೆ ಬಿಡುವಾಗಲೂ ಅವಳ ಮುಖ ಒಂದೇ ಥರ ಇರುತ್ತದೆ. ಹುಬ್ಬು ಕೂಡ ಅಲ್ಲಾಡುವುದಿಲ್ಲ.

"ಇನ್ನೊಂದಿದೆ," ಎಂದಳು ಅಮ್ಮ. "ಒಳಗೆ ಒಬ್ಬೊಬ್ರೇ ಹೋಗೋ ಹಾಗಿಲ್ಲ. ಜೋಡಿ ಬೇಕು. ನನ್ನ ಮೂಗು ಮೀಸೆ ಮಾಮ ನೋಡ್ತಾ ಇರಬೇಕು, ಅವರ ಮೂಗು ನಾನು. ಮೊದಲು ಮೂಗಿನ ತುದಿ ಹೆಪ್ಪುಗಟ್ಟೋದು. ಬೆಳ್ಳಗಾದ್ರೆ ನಮಗೇ ಗೊತ್ತಾಗಲ್ಲ. ನೋಡಿದವರು ಭುಜದ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿದ ಮೇಲೆ ಮಾತಿಲ್ಲ, ಕತೆಯಿಲ್ಲ, ಇಬ್ರೂ ಸೀದಾ ಬಿಸಿ ರೂಮಿಗೆ."

ಇದಂತೂ ಖಂಡಿತ ಬೊಗಳೆ ಎಂದುಕೊಂಡಳು ಜೀರಿಗೆ.

ಮರುದಿನ ಕ್ಲಾಸಿನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ನಿಜವನ್ನೂ ಹೇಳಿದಳು, ಬೊಗಳೆಯನ್ನೂ ಹೇಳಿದಳು. ಯಾವುದು ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ. ಜೋಡಿಯ ಮೂಗು ನೋಡುತ್ತಾ ಇರಬೇಕು ಎಂದಾಗ ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಬುರುಡೆ! ಬುರುಡೆ!" ಎಂದು ಬೆಂಚು ಕುಟ್ಟಿದರು. ನೆರಳು ಅಂಟಿಕೊಂಡಿತು ಎಂದಾಗ ಮಾತ್ರ ಯಾರೂ ನಗಲಿಲ್ಲ.

"ಅದು ನಿಜ," ಎಂದ ವಿಮಾನ ತುಂಬಾ ಗಂಭೀರವಾಗಿ. "ಐಸ್ ಹೋಟೆಲಲ್ಲಿ ನನಗೂ ಆಗಿತ್ತು. ಸ್ವಲ್ಪ ಹೊತ್ತು ಎಳೀಬೇಕಾಗತ್ತೆ."

ಮಿಸ್ ಕೆಮ್ಮಿದರು. ಆಮೇಲೆ ಮೇಜಿನ ಮೇಲಿದ್ದ ಗ್ಲೋಬನ್ನು ಮುಂದಕ್ಕೆ ತಳ್ಳಿದರು. "ಬಾ ಜೀರಿಗೆ. ನೀನು ಹೋಗಿದ್ದ ಜಾಗ ಎಲ್ಲಿದೆ, ತೋರಿಸು."

ಜೀರಿಗೆ ಗ್ಲೋಬ್ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಗ್ಲೋಬಿನಲ್ಲಿ ಬಸ್‌ಸ್ಟಾಂಡ್ ಹುಡುಕುವುದು ಸುಲಭದ ಕೆಲಸವಲ್ಲ. ತುತ್ತತುದಿಯಲ್ಲಿ ಬೆಳ್ಳಗೆ, ಹೆಸರೂ ಇಲ್ಲದ ಒಂದು ಜಾಗವಿತ್ತು. ಅಲ್ಲಿ ಬೆರಳಿಟ್ಟರೆ ಸಾಕು, ಬಚಾವ್.

ಬೆರಳು ಅಲ್ಲಿಯ ತನಕ ಹೋಯಿತು. ಹೋಗಿ ನಿಂತುಬಿಟ್ಟಿತು. ಅಲ್ಲಿ ಅಮ್ಮ ಇರಲಿಲ್ಲ. ಕಿವಿಯಲ್ಲಿ ಪೆನ್ಸಿಲ್ ಇಟ್ಟುಕೊಂಡ ಮೀಸೆ ಮಾಮ ಇರಲಿಲ್ಲ. ಅಮ್ಮನ ಇಡೀ ಕೆಲಸವನ್ನು ಎತ್ತಿ ಯಾವುದೋ ಊರಿಗೆ ಕೊಟ್ಟುಬಿಟ್ಟಂತಾಗುತ್ತದೆ ಎನಿಸಿತು.

"ಇದರಲ್ಲಿ ಇಲ್ಲ ಮಿಸ್," ಎಂದಳು.

"ಮತ್ತೆಲ್ಲಿದೆ?"

"ಬಸ್‌ಸ್ಟಾಂಡ್ ಹಿಂದೆ."

ಕ್ಲಾಸು ಮತ್ತೆ ನಗಲು ಶುರು ಮಾಡಿತು. ಜೀರಿಗೆ ಕಿವಿ ಕೆಂಪಗೆ ಮಾಡಿಕೊಂಡು, ಒಂದೇ ಉಸಿರಿಗೆ ಹೇಳಿ ಮುಗಿಸಿದಳು. "ನಾನು ಹೋಗಿಲ್ಲ ಮಿಸ್, ಸುಳ್ಳು ಹೇಳ್ದೆ. ನಮ್ಮಮ್ಮ ಹೋಗ್ತಾಳೆ. ಕೋಲ್ಡ್ ಸ್ಟೋರೇಜಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾಳೆ. ಮೈನಸ್ ಇಪ್ಪತ್ತೈದು ಮಾತ್ರ ನಿಜ. ದಿನಾ ಹೋಗ್ತಾಳೆ."

ನಗು ಅರ್ಧಕ್ಕೇ ನಿಂತಿತು.

"ದಿನಾನಾ?" ಎಂದ ವಿಮಾನ.

"ಭಾನುವಾರ ಬಿಟ್ಟು."

ಆಮೇಲೆ ಯಾರೋ ಮುಂದಿನ ಬೆಂಚಿನಿಂದ, "ಮಿಸ್, ನಾವೂ ಹೋಗಿ ನೋಡಬಹುದಾ?" ಎಂದರು. ಅಷ್ಟು ಸಾಕಾಯಿತು. ಇಡೀ ಕ್ಲಾಸು, "ಮಿಸ್, ಪ್ಲೀಸ್ ಮಿಸ್!" ಎಂದು ಹಂಚು ಹಾರಿಹೋಗುವಂತೆ ಕಿರುಚಿತು.

ಕೋಲ್ಡ್ ಸ್ಟೋರೇಜಿನ ಮ್ಯಾನೇಜರನ್ನು ಎಲ್ಲರೂ ಬೀಗದ ಸಾಹೇಬರು ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಾಯಲ್ಲಿ 'ಆಗಲ್ಲ' ಎಂಬ ಒಂದೇ ಮಾತು. ಮಿಸ್ ಫೋನ್ ಮಾಡಿದಾಗಲೂ ಅದನ್ನೇ ಹೇಳಿದರಂತೆ. ಮಕ್ಕಳು ಟ್ರಿಪ್ಪಿಗೆ ಬರಬೇಕು ಅಂತಿದ್ದಾರೆ ಎಂದ ಮೇಲೆ ಮಾತ್ರ 'ನಮ್ಮ ಕಟ್ಟಡಕ್ಕಾ?' ಎಂದು ಎರಡೆರಡು ಸಲ ಕೇಳಿದರಂತೆ. ಅವರ ಕಟ್ಟಡವನ್ನು ನೋಡಬೇಕು ಎಂದು ಈವರೆಗೆ ಯಾರೂ ಕೇಳಿರಲಿಲ್ಲ.

"ಮಕ್ಕಳು ಒಳಗಿರೋ ತನಕ ಬಾಗಿಲು ತೆಗೆದೇ ಇರತ್ತೆ, ಒಂದೇ ನಿಮಿಷ," ಎಂದರಂತೆ ಕೊನೆಗೆ. ಮಕ್ಕಳು ಬಂದ ದಿನ ಹೊಸ ಶರ್ಟು ಹಾಕಿ, ಟೈ ಕಟ್ಟಿ, ಮದುವೆ ಮನೆಯ ಯಜಮಾನರಂತೆ ಗೇಟಿನಲ್ಲಿ ನಿಂತಿದ್ದರು.

ಬಿಸಿ ರೂಮಿನಲ್ಲಿ ಎಲ್ಲರಿಗೂ ದಪ್ಪ ಕೋಟು ತೊಡಿಸಿದರು. ದೊಡ್ಡವರ ಕೋಟು. ಜೀರಿಗೆಯ ಕೋಟಿನೊಳಗೆ ಜೀರಿಗೆ ಇದ್ದಾಳೆ ಎಂದು ನಂಬಬೇಕಿತ್ತು, ಅಷ್ಟೇ.

ಅಮ್ಮ ಮುಂದೆ ಬಂದು ನಿಂತು, ಮುಖ ಒಂದಿಷ್ಟೂ ಅಲ್ಲಾಡಿಸದೆ ಶುರು ಮಾಡಿದಳು. "ಪ್ರಯಾಣಿಕರೇ, ನಾವು ಈಗ ಇಳೀತಾ ಇರೋ ಊರಲ್ಲಿ ಮೈನಸ್ ಇಪ್ಪತ್ತೈದು. ಇಲ್ಲಿನ ಜನಸಂಖ್ಯೆ ಇಬ್ಬರು ಮನುಷ್ಯರು, ಲೆಕ್ಕವಿಲ್ಲದಷ್ಟು ಬಟಾಣಿ. ಬಟಾಣಿ ಜೊತೆ ಮಾತಾಡಬೇಡಿ, ಅವಕ್ಕೆ ನಿದ್ದೆ. ಇಲ್ಲಿ ಒಂಟಿಯಾಗಿ ತಿರುಗೋ ಹಾಗಿಲ್ಲ. ಎಲ್ಲರೂ ಜೋಡಿಯ ಮೂಗು ನೋಡ್ತಾ ಇರಬೇಕು."

ಕ್ಲಾಸು ಒಟ್ಟಿಗೆ ತಿರುಗಿ ಜೀರಿಗೆಯನ್ನು ನೋಡಿತು. ಹಾಗಾದರೆ ಅದು ಬುರುಡೆಯಲ್ಲ!

"ಜೀರಿಗೆ, ನಿನ್ನ ಜೋಡಿ ಇವನು," ಎಂದು ಅಮ್ಮ ವಿಮಾನನನ್ನು ಅವಳ ಪಕ್ಕಕ್ಕೆ ತಳ್ಳಿದಳು. ಎರಡು ಕೋಟುಗಳು ಒಂದನ್ನೊಂದು ಗುರಾಯಿಸಿದವು.

ನಾಲ್ಕು ನಾಲ್ಕು ಜನರಂತೆ ಒಳಗೆ ಬಿಟ್ಟರು. ಬಾಗಿಲು ಜರುಗಿದೊಡನೆ ಬಿಳಿ ಹೊಗೆ ಕಾಲಿಗೆ ಸುತ್ತಿಕೊಂಡಿತು. ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಮುಳ್ಳಿನಂತೆ ಚುಚ್ಚಿತು. ಕಪಾಟುಗಳು ಮೇಲೆ ಮೇಲೆ ಹೋಗಿ ಮಂಜಿನಲ್ಲಿ ಮಾಯವಾಗಿದ್ದವು. ಅಮ್ಮನ ಹಳದಿ ಫೋರ್ಕ್‌ಲಿಫ್ಟಿನ ಮೇಲೆ ಸಕ್ಕರೆ ಉದುರಿಸಿದಂತಿತ್ತು. ಮೀಸೆ ಮಾಮನ ಮೀಸೆಯ ತುದಿಯಲ್ಲಿ ಪುಟ್ಟ ಪುಟ್ಟ ಮಣಿ ಪೋಣಿಸಿದಂತಿತ್ತು.

"ಅಬ್ಬಾ!" ಎಂದಳು ಜೀರಿಗೆ. ಆ ಅಬ್ಬಾ ಬಿಳಿ ಮೋಡವಾಗಿ ಬಾಯಿಂದ ಹೊರಬಂದು ತೇಲಿತು.

ಆಗ ಅವಳಿಗೆ ಒಂದು ವಿಷಯ ನೆನಪಾಯಿತು. ಮೆಲ್ಲಗೆ ನೆಲ ನೋಡಿದಳು. ಪಕ್ಕದಲ್ಲಿ ವಿಮಾನನೂ ಮೆಲ್ಲಗೆ ನೆಲ ನೋಡುತ್ತಿದ್ದ. ಜೀರಿಗೆ ಒಂದು ಹೆಜ್ಜೆ ಮುಂದಿಟ್ಟಳು. ನೆರಳು ಬಂತು. ವಿಮಾನ ಎರಡು ಹೆಜ್ಜೆ ಇಟ್ಟ. ಅವನ ನೆರಳು ಅವನಿಗಿಂತ ಮೊದಲೇ ಹೊರಟಿತು.

"ಅಂಟಲಿಲ್ಲ," ಎಂದಳು ಜೀರಿಗೆ.

"ನಿಂದೂ ಅಂಟಲಿಲ್ಲ," ಎಂದ ವಿಮಾನ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಎರಡು ಕೋಟುಗಳೂ ಮಡಚಿಕೊಂಡವು. ನಗುವಾಗ ವಿಮಾನನ ಮೂಗಿನಿಂದ ಇಳಿದ ಒಂದು ಹನಿ ಅಲ್ಲೇ ತುದಿಯಲ್ಲಿ ಗಟ್ಟಿಯಾಗಿ ಮಿನುಗತೊಡಗಿತು.

"ಮೂಗುಬೊಟ್ಟು ಚೆನ್ನಾಗಿದೆ ಕಣೋ!" ಎಂದು ಜೀರಿಗೆ ಅವನ ಭುಜದ ಮೇಲೆ ಎರಡು ಸಲ ತಟ್ಟಿದಳು. ಮಾತಿಲ್ಲ, ಕತೆಯಿಲ್ಲ. ವಿಮಾನ ಸೀದಾ ಅವಳ ಹಿಂದೆ ಬಿಸಿ ರೂಮಿಗೆ ಬಂದ.

ಬಿಸಿ ರೂಮಿನಲ್ಲಿ ಜಾತ್ರೆಯೋ ಜಾತ್ರೆ. ಒಬ್ಬ ಕಿವಿ ಉಜ್ಜುತ್ತಿದ್ದ, ಒಬ್ಬಳು ಕುಣಿಯುತ್ತಿದ್ದಳು. ಬೀಗದ ಸಾಹೇಬರು ಎಲ್ಲರಿಗೂ ಬಿಸಿ ಹಾಲು ಹಂಚುತ್ತಾ, "ಇನ್ನೊಂದು ಲೋಟ ತಗೋ," ಎನ್ನುತ್ತಿದ್ದರು. 'ಆಗಲ್ಲ' ಎನ್ನುವ ಮಾತು ಅವರಿಗೆ ಅವತ್ತು ಮರೆತೇಹೋಗಿತ್ತು.

"ಒಂದು ವಿಷ್ಯ ಹೇಳ್ತೀನಿ, ಯಾರಿಗೂ ಹೇಳಬೇಡ," ಎಂದ ವಿಮಾನ ಹಾಲಿನ ಮೀಸೆ ಒರೆಸಿಕೊಳ್ಳುತ್ತಾ. "ಐಸ್ ಹೋಟೆಲಲ್ಲಿ ನಾನು ಮಲಗ್ಲೇ ಇಲ್ಲ. ಅಳ್ತಾ ಪಕ್ಕದ ಹೀಟರ್ ರೂಮಿಗೆ ಓಡಿಬಿಟ್ಟೆ." ಆಮೇಲೆ ಸುತ್ತ ನೋಡಿ ಕೇಳಿದ, "ನಿಮ್ಮಮ್ಮ ಎಲ್ಲಿ? ಹಾಲು ಕುಡಿಯಲ್ವಾ?"

ಜೀರಿಗೆ ತಿರುಗಿ ನೋಡಿದಳು.

ಬಾಗಿಲ ಹತ್ತಿರ ಅಮ್ಮ ಮಫ್ಲರನ್ನು ಕೆನ್ನೆಯ ತನಕ ಎಳೆದುಕೊಳ್ಳುತ್ತಿದ್ದಳು. ಹೊರಗೆ ಲಾರಿ ಬಂದು ನಿಂತಿತ್ತು. ಅಮ್ಮ ಮೀಸೆ ಮಾಮನ ಮೂಗು ನೋಡಿದಳು, ಮೀಸೆ ಮಾಮ ಅಮ್ಮನ ಮೂಗು ನೋಡಿದರು. ಬಾಗಿಲು ಜರುಗಿತು. ಬಿಳಿ ಹೊಗೆ ಇಬ್ಬರನ್ನೂ ನುಂಗಿತು. ಬಾಗಿಲು ಮುಚ್ಚಿತು.

ಜೀರಿಗೆಯ ಲೋಟದಲ್ಲಿ ಹಾಲು ಇನ್ನೂ ಬಿಸಿಯಾಗಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತಳು. ಮಿಸ್ ಎರಡು ಸಲ ಕರೆದ ಮೇಲೆ ಬಸ್ಸಿಗೆ ಓಡಿದಳು.

ಸಂಜೆ ಮನೆಯ ಬೆಲ್ ಆಯಿತು. ಜೀರಿಗೆ ಬಾಗಿಲು ತೆಗೆದಳು, ಆದರೆ ದಾರಿ ಬಿಡಲಿಲ್ಲ.

"ಅಲ್ಲೇ ನಿಲ್ಲು," ಎಂದಳು.

"ಯಾಕಮ್ಮಾ ತಾಯಿ, ಏನಾಯ್ತು?"

ಜೀರಿಗೆ ಅಡುಗೆಮನೆಯಿಂದ ಸ್ಟೂಲು ಎಳೆದುಕೊಂಡು ಬಂದು ಅಮ್ಮನ ಮುಂದೆ ಇಟ್ಟಳು. ಹತ್ತಿ ನಿಂತಳು. ಅಮ್ಮನ ಗಲ್ಲ ಹಿಡಿದು ಮೂಗನ್ನು ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು. ಕೆಳಗಿನಿಂದಲೂ ನೋಡಿದಳು.

"ತುದಿ ಕೆಂಪಗಿದೆ. ಪರವಾಗಿಲ್ಲ," ಎಂದಳು.

ಅಮ್ಮ ಮುಖ ಬಿಗಿಯಾಗಿಯೇ ಇಟ್ಟುಕೊಳ್ಳಲು ನೋಡಿದಳು. ಈ ಸಲ ಆಗಲಿಲ್ಲ.

ಜೀರಿಗೆ ಅಮ್ಮನ ಭುಜದ ಮೇಲೆ ಎರಡು ಸಲ ತಟ್ಟಿದಳು. ಒಳಗೆ ಬಕೆಟ್ಟಿನಲ್ಲಿ ಬಿಸಿನೀರು ಆಗಲೇ ಕಾಯುತ್ತಿತ್ತು.